ಮಾದನಹಿಪ್ಪರಗಾದ ಗಿರಣಿಯಲ್ಲಿ ಒಂದು ಪಾಠ

ಕಲಬುರಗಿಯ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಗೆ ಹೋಗಿ, "ಹಿಪ್ಪರಗಾಕ್ಕ ಬಸ್ಸು ಎಷ್ಟಕ್ಕ ಅದರೀ?" ಎಂದು ಕೇಳಿದೆ. ಒಳಗೆ ಕುಳಿತವರು ತಲೆ ಎತ್ತದೆಯೇ, "ಯಾವ ಹಿಪ್ಪರಗಾ?" ಎಂದು ಮರುಪ್ರಶ್ನೆ ಹಾಕಿದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ವಿಜಯಪುರ ಜಿಲ್ಲೆಯಲ್ಲಿ ಒಂದು ದೇವರ ಹಿಪ್ಪರಗಿ ಇದೆ. ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿದ ಹಿಪ್ಪರಗಿ ಇನ್ನೊಂದು. ನನಗೆ ಬೇಕಾಗಿದ್ದುದು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ. ಹೆಸರಿನ ಹಿಂದಿನ ಆ 'ಮಾದನ' ಎಂಬ ಮೂರಕ್ಷರ ಬಿಟ್ಟುಬಿಟ್ಟರೆ ಪ್ರಯಾಣಿಕ ಬೇರೆ ಜಿಲ್ಲೆಗೇ ಹೋಗಿ ಇಳಿದಾನು! ಅಂದು ನಾನು ಕಲಿಯಲಿದ್ದ ಪಾಠದ ಮೊದಲ ಸಾಲು ಇದೇ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಹೊರಟದ್ದು ಊರು ನೋಡಲಿಕ್ಕಲ್ಲ. ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯಲ್ಲಿ ನನ್ನಲ್ಲಿ ವಿಜ್ಞಾನ ಕಲಿತ ಹುಡುಗಿಯೊಬ್ಬಳು ಈಗ ಬಿ.ಸಿ.ಎ. ಓದುತ್ತಿದ್ದಾಳೆ. ಒಂದು ವಿಷಯದಲ್ಲಿ ನಪಾಸಾದಳು. ಅವಳ ತಂದೆ ಫೋನ್ ಮಾಡಿ, "ಸರ, ಸಾಕು ಅನ್ನಸ್ತದ. ಮನಿಯಾಗೇ ಗಿರಣಿ ಅದ, ಲೆಕ್ಕ ನೋಡ್ಕೊಂಡು ಇರ್ಲಿ. ನೀವೊಮ್ಮೆ ಬಂದು ಹೇಳ್ರಿ ಅಕಿಗೆ" ಎಂದಿದ್ದರು. ಏನು ಹೇಳಬೇಕೆಂದು ಅವರು ಬಯಸಿದ್ದರೋ ಅದನ್ನು ಹೇಳಲು ನನಗೆ ಮನಸ್ಸಿರಲಿಲ್ಲ. ಆದರೆ ಬೇರೆ ಏನು ಹೇಳಬೇಕೆಂಬುದೂ ಗೊತ್ತಿರಲಿಲ್ಲ. ನಾನು ಬಿ.ಎಸ್ಸಿ. ಓದುವ ಕಾಲಕ್ಕೆ ಕಂಪ್ಯೂಟರೆಂದರೆ ಗಾಜಿನ ಕೋಣೆಯೊಳಗೆ ಚಪ್ಪಲಿ ಬಿಟ್ಟು ಹೋಗಿ ದೂರದಿಂದ ನೋಡುವ ವಸ್ತುವಾಗಿತ್ತು. ಅವಳು ನಪಾಸಾದ ವಿಷಯದ ಹೆಸರು 'ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್'. ಅದರ ಬಗ್ಗೆ ಎರಡು ವಾರ ಪುಸ್ತಕ ತಿರುವಿಹಾಕಿ, ಅರ್ಧ ತಿಳಿದುಕೊಂಡು ಬಸ್ಸು ಹತ್ತಿದ್ದೆ.

ಗಡಿಯ ದಾರಿ

ಡಿಸೆಂಬರ್ ಮೊದಲ ವಾರ. ಕಲಬುರಗಿಯಿಂದ ಆಳಂದ ಸುಮಾರು ನಲವತ್ತು ಕಿಲೋಮೀಟರು. ಕಪ್ಪು ಎರೆನೆಲದ ಎರಡೂ ಬದಿಗೆ ತೊಗರಿ ಎದೆಯೆತ್ತರ ನಿಂತಿತ್ತು. ಕಾಯಿ ಕಟ್ಟಿದ ಗಿಡಗಳ ನಡುವೆ ಅಲ್ಲಲ್ಲಿ ಹಳದಿ ಹೂವು ಇನ್ನೂ ಉಳಿದಿತ್ತು. ಈ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅಂದರೆ ಈಗ 'ಕಲಬುರಗಿ ತೊಗರಿ' ಎಂಬ ಚೀಟಿಗೆ ಕಾನೂನಿನ ಬೆಲೆ ಇದೆ. ದಾರಿಯಲ್ಲಿ ಕಡಗಂಚಿ ಬರುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳು ಆ ಬಯಲಿನಲ್ಲಿ ಎದ್ದು ಕಾಣುತ್ತವೆ. ನಮ್ಮ ಕಾಲದಲ್ಲಿ ಅಲ್ಲಿ ಬರೀ ಹೊಲವಿತ್ತು. ಕಿಟಕಿಯ ಪಕ್ಕ ಕುಳಿತಿದ್ದ ರೈತರೊಬ್ಬರು ಅದನ್ನು ತೋರಿಸಿ, "ಇಷ್ಟ ಹತ್ತರ ಬಂದದ, ನಮ್ಮ ಮಕ್ಕಳು ಒಳಗ ಹೋಗ್ಬೇಕಲ್ರೀ" ಎಂದರು. ಆ ಮಾತು ಮನಸ್ಸಿನಲ್ಲಿ ಉಳಿಯಿತು.

ಆಳಂದ ದಾಟಿ ಮಾದನಹಿಪ್ಪರಗಾ ಸೇರುವ ಹೊತ್ತಿಗೆ ಬಸ್ಸಿನೊಳಗಿನ ಮಾತೇ ಬದಲಾಗಿತ್ತು. ಇದು ಹೋಬಳಿ ಕೇಂದ್ರ. ಮಹಾರಾಷ್ಟ್ರದ ಗಡಿ ದೂರವಿಲ್ಲ. ಹಿಂದಿನ ಸೀಟಿನಲ್ಲಿ ಮರಾಠಿ, ಮುಂದೆ ದಖನಿ ಉರ್ದು, ನಡುವೆ ನಮ್ಮ ಕನ್ನಡ. ಆ ಕನ್ನಡದಲ್ಲೂ ದವಾಖಾನಿ, ತಾರೀಖು, ಖರೇ, ಜರೂರು! ಒಬ್ಬನೇ ಮನುಷ್ಯ ಅಕ್ಕಲಕೋಟೆಯ ವ್ಯಾಪಾರಿಯೊಡನೆ ಒಂದು ಭಾಷೆ, ಕಂಡಕ್ಟರೊಡನೆ ಇನ್ನೊಂದು ಭಾಷೆ ಆಡುತ್ತಾನೆ. ಎದುರಿಗಿರುವವರು ಯಾರೆಂದು ನೋಡಿ, ಆ ಕ್ಷಣದಲ್ಲಿ ಭಾಷೆ ಆರಿಸಿಕೊಳ್ಳುತ್ತಾನೆ. ಮನೆಯಿಂದ ಹೊರಡುವಾಗಲೇ ಅದನ್ನು ನಿರ್ಧರಿಸಿ ಬರಲಾಗದು.

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಸೂಸಲಾ, ಮಿರ್ಚಿ ಭಜಿ ತಿಂದು, ದಾರಿ ಕೇಳಿಕೊಂಡು ಗಿರಣಿಗೆ ನಡೆದೆ. ದಾರಿ ಕೇಳುವ ಅಗತ್ಯವೇನೂ ಇರಲಿಲ್ಲ, ಸಪ್ಪಳವೇ ದಾರಿ ತೋರಿಸುತ್ತಿತ್ತು.

ಡಬ್ಬಿಯ ಮೇಲಿನ ಚೀಟಿ

ಹಿಟ್ಟಿನ ಗಿರಣಿಯನ್ನು ಓದುಗರೆಲ್ಲ ನೋಡಿರುತ್ತೀರಿ. ಮೋಟಾರು, ಪಟ್ಟಾ, ಎರಡು ಕಲ್ಲು. ಒಂದು ಕಲ್ಲು ಅಲುಗದು, ಇನ್ನೊಂದು ತಿರುಗುತ್ತದೆ. ನಡುವಿನ ಸಂದನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಗಣೆ. ಮೇಲೆ ಕಾಳು ಸುರಿಯುವ ತಗಡಿನ ಬಾಯಿ, ಕೆಳಗೆ ಬಟ್ಟೆಯ ಕೊಳವೆ. ಗೋಡೆಗುಂಟ ಸಾಲಾಗಿ ಇಟ್ಟ ಡಬ್ಬಿಗಳು. ಕೆಲವದರ ಮೇಲೆ ಬಣ್ಣದಲ್ಲಿ ಹೆಸರು, ಕೆಲವದರೊಳಗೆ ಚೀಟಿ: ಯಾರ ಮನೆಯದು, ಏನು ಕಾಳು, ಸಣ್ಣಗೆ ಬೇಕೋ ತರಿತರಿಯಾಗಿ ಬೇಕೋ.

ಹುಡುಗಿಯ ತಂದೆ ಹಿಟ್ಟು ಮೆತ್ತಿದ ಕೈಯಿಂದಲೇ ನಮಸ್ಕಾರ ಮಾಡಿದರು. "ಬರ್ರಿ ಸರ, ಕೂಡ್ರಿ. ಎರಡು ಡಬ್ಬಿ ಮುಗಿಸಿ ಬಂದೆ" ಎಂದರು. ಅವರ ಕೆಲಸ ನೋಡುತ್ತ ಕುಳಿತೆ. ಒಂದು ಡಬ್ಬಿಯ ಚೀಟಿಯಲ್ಲಿ 'ಜೋಳ' ಎಂದಿತ್ತು. ಅವರು ಚೀಟಿ ಓದಿದರು, ಆದರೂ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದರು, ಆಮೇಲೆ ಸುರಿದರು. ಮುಂದಿನ ಡಬ್ಬಿಗೂ ಹಾಗೆಯೇ.

"ಚೀಟಿ ಅದಲ್ರೀ, ಮತ್ಯಾಕ ಕೈ ಹಾಕಿ ನೋಡ್ತೀರಿ?" ಎಂದೆ.

"ಚೀಟಿ ಸುಳ್ಳ ಹೇಳಬಹುದು ಸರ. ಡಬ್ಬಿ ಅದಲು ಬದಲು ಆಗಿರ್ತದ, ಹಳೇ ಚೀಟಿ ಒಳಗೇ ಉಳಿದಿರ್ತದ. ಒಮ್ಮೆ ಮೆಣಸಿನಕಾಯಿ ಇದ್ದದ್ದು ನೋಡ್ಲಾರದೇ ಈ ಕಲ್ಲಿಗೆ ಹಾಕಿಬಿಟ್ಟೆ. ಆಮ್ಯಾಲ ಬಂದ ನಾಕು ಮನಿ ರೊಟ್ಟಿ ಎಲ್ಲಾ ಖಾರ!"

ಮೂಲೆಯಲ್ಲಿ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಮುಖ ಬಾಡಿಸಿ ಕುಳಿತಿದ್ದ ಹುಡುಗಿ ಇದನ್ನು ಕೇಳಿ ತಟ್ಟನೆ ತಲೆ ಎತ್ತಿದಳು. "ಸರ, ಇದೇ ಅಲ್ಲೇನ್ರಿ ರನ್‌ಟೈಮ್ ಟೈಪು?"

ಪರೀಕ್ಷೆಯಲ್ಲಿ ಅವಳನ್ನು ಕೆಡವಿದ ಪ್ರಶ್ನೆ ಅದೇ ಆಗಿತ್ತಂತೆ. ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದಳು. ಪ್ರಶ್ನೆಪತ್ರಿಕೆಯಲ್ಲಿ ವ್ಯಾಖ್ಯೆ ಕೇಳದೆ, ಪ್ರೋಗ್ರಾಂ ಬರೆದು ವಿವರಿಸಿರಿ ಎಂದಿದ್ದರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗು. ತರಗತಿಯಲ್ಲಿ ಅರ್ಥವಾಗದ್ದನ್ನು ಎದ್ದು ಕೇಳಲು ನಾಚಿಕೆ, ಕೇಳಿದರೂ ಅದೇ ಇಂಗ್ಲಿಷ್ ವಾಕ್ಯ ಮತ್ತೊಮ್ಮೆ ಸಿಗುತ್ತಿತ್ತು. ಇದು ಅವಳೊಬ್ಬಳ ಕಥೆಯಲ್ಲ.

ಹಾಗಾದರೆ ಸಂಗತಿ ಏನು? ಕಂಪ್ಯೂಟರಿನ ನೆನಪಿನಲ್ಲಿ ಇರುವುದೆಲ್ಲ ಸೊನ್ನೆ ಮತ್ತು ಒಂದುಗಳ ಸಾಲು. ಅದೇ ಸಾಲು ಒಂದು ಸಂಖ್ಯೆಯಾಗಬಹುದು, ಅಕ್ಷರವಾಗಬಹುದು, ಚಿತ್ರದ ಒಂದು ಚುಕ್ಕೆಯಾಗಬಹುದು. ನೋಡಿದರೆ ತಿಳಿಯುವುದಿಲ್ಲ. ಅದು ಯಾವ ಬಗೆಯದು ಎಂಬ ತಿಳಿವಳಿಕೆಗೆ 'ಟೈಪ್' ಎನ್ನುತ್ತಾರೆ. ಸಿ ಭಾಷೆಯಲ್ಲಿ ಈ ಬಗೆಯನ್ನು ಪ್ರೋಗ್ರಾಂ ಬರೆಯುವಾಗ ಹೇಳುತ್ತೇವೆ. ಅದನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರು ಆಗಲೇ ಪರೀಕ್ಷಿಸಿ, ಚೀಟಿಯನ್ನು ಎಸೆದುಬಿಡುತ್ತದೆ. ಮನೆಯಲ್ಲಿ ಡಬ್ಬಿ ತುಂಬಿದ ತಾಯಿಗೆ ಗೊತ್ತಿತ್ತು, ಅಷ್ಟೇ ಸಾಕು ಎಂಬ ನಂಬಿಕೆ. ಪ್ರೋಗ್ರಾಂ ಓಡುತ್ತಿರುವಾಗಲೂ ಪ್ರತಿ ವಸ್ತುವಿನ ಜೊತೆ ಚೀಟಿ ಇರುವಂತೆ ಮಾಡಿ, ಬೇಕಾದಾಗ ಓದಿ ನಿರ್ಧರಿಸುವುದು ರನ್‌ಟೈಮ್ ಟೈಪ್ ವ್ಯವಸ್ಥೆ. ಜಾವಾ ಭಾಷೆಯಲ್ಲಿ ಪ್ರತಿ ಆಬ್ಜೆಕ್ಟಿಗೂ ತಲೆಬರಹವೊಂದು ಇರುತ್ತದೆ, ಸಾಮಾನ್ಯವಾಗಿ ಹನ್ನೆರಡು ಅಥವಾ ಹದಿನಾರು ಬೈಟ್‌ಗಳಷ್ಟು. ಇದು ಯಾವ ಕ್ಲಾಸಿಗೆ ಸೇರಿದ್ದು ಎಂಬ ಗುರುತು ಅದರಲ್ಲಿ ಅಡಗಿರುತ್ತದೆ. ಚೀಟಿಗೆ ಜಾಗ ಬೇಕು, ಓದಲು ಒಂದಿಷ್ಟು ಹೊತ್ತು ಬೇಕು. ರೊಟ್ಟಿ ಖಾರವಾಗದಿರಲು ತೆರುವ ಬೆಲೆ ಅದು.

ಹಾಲಿಯೋ, ಕಲ್ದಾರೋ?

ಇಷ್ಟು ಹೊತ್ತು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ ಹುಡುಗಿಯ ಮುತ್ಯಾ ಬಾಯಿ ಹಾಕಿದರು. ಎಂಬತ್ತು ದಾಟಿದವರು. "ನಮ್ಮಪ್ಪ ಸೊಲ್ಲಾಪುರಕ್ಕ ಹೋಗಿ ಬಂದ್ರ ಮೊದಲು ಕೇಳೋ ಮಾತೇ ಅದು: ರೊಕ್ಕ ಹಾಲಿದೋ, ಕಲ್ದಾರದೋ?"

ಇಂದಿನ ಮಕ್ಕಳಿಗೆ ಇದು ಗೊತ್ತಿರಲಾರದು. 1948ರವರೆಗೆ ಈ ಸೀಮೆ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಅದಕ್ಕೆ ಹಾಲಿ ಸಿಕ್ಕಾ ಎನ್ನುತ್ತಿದ್ದರು. ಅತ್ತ ಸೊಲ್ಲಾಪುರದಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದ ರೂಪಾಯಿ, ಜನರ ಬಾಯಲ್ಲಿ ಕಲ್ದಾರ್. ಎರಡರ ಹೆಸರೂ ರೂಪಾಯಿಯೇ, ಬೆಲೆ ಮಾತ್ರ ಬೇರೆ. ಸ್ಥೂಲವಾಗಿ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ಎತ್ತು ಮಾರಿದ ರೈತ 'ಎಪ್ಪತ್ತು ರೂಪಾಯಿ' ಎಂದಷ್ಟೇ ಮಾತು ಮುಗಿಸಿ, ಮನಸ್ಸಿನಲ್ಲಿ ಕಲ್ದಾರ್ ಎಂದುಕೊಂಡು, ಕೈಗೆ ಹಾಲಿ ಪಡೆದನೆನ್ನಿ. ಅವನಿಗೆ ಬಂದದ್ದು ಅರವತ್ತು ಕಲ್ದಾರಿನ ಬೆಲೆ, ಹತ್ತು ರೂಪಾಯಿ ನಷ್ಟ. ಎಪ್ಪತ್ತು ಎಂಬ ಸಂಖ್ಯೆಯಲ್ಲಿ ತಪ್ಪಿಲ್ಲ. ಅದರ ಬಗೆಯನ್ನು ಕೇಳದೇ ಇದ್ದದ್ದು ತಪ್ಪು. ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ 1950ರ ದಶಕದಲ್ಲಿ ಹಾಲಿ ಸಿಕ್ಕಾ ಮರೆಯಾಯಿತು. ಗಡಿಯ ಸಂತೆಯಲ್ಲಿ ಆ ಪ್ರಶ್ನೆಯೂ ನಿಂತಿತು.

ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದ್ದೇನೆ. ಉತ್ತರದಲ್ಲಿ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಡಿಯುವುದರಲ್ಲಿ ನಾನು ಕುಖ್ಯಾತ. 'ಒಂಬತ್ತು ಪಾಯಿಂಟ್ ಎಂಟು' ಎಂದು ಬರೆದ ಹುಡುಗನಿಗೆ, "ಏನಪ್ಪಾ, ಒಂಬತ್ತೂಮುಕ್ಕಾಲು ಬಾಳೆಹಣ್ಣೇನು?" ಎಂದು ಕೇಳುತ್ತಿದ್ದೆ. ತರಗತಿ ನಗುತ್ತಿತ್ತು. ಆದರೆ ಏಕಮಾನ ಯಾಕೆ ಬೇಕು ಎಂದು ನಾನು ಯಾರಿಗಾದರೂ ಸರಿಯಾಗಿ ಹೇಳಿದ್ದೆನೆ? ಅಂದು ಹೇಳಬೇಕಾಗಿದ್ದ ಉದಾಹರಣೆ ಒಂದು ಇದೆ. ಅಮೆರಿಕದ ನಾಸಾ ಸಂಸ್ಥೆಯ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ತಲುಪಿ ಕಾಣೆಯಾಯಿತು. ನೌಕೆಯ ತಳ್ಳುಬಲದ ಲೆಕ್ಕವನ್ನು ಭೂಮಿಯ ಮೇಲಿನ ಒಂದು ತಂತ್ರಾಂಶ ಪೌಂಡ್‌ಬಲ ಸೆಕೆಂಡುಗಳಲ್ಲಿ ಕೊಡುತ್ತಿತ್ತು. ಅದನ್ನು ಪಡೆದ ತಂತ್ರಾಂಶ ನ್ಯೂಟನ್ ಸೆಕೆಂಡುಗಳೆಂದು ತಿಳಿದುಕೊಂಡಿತು. ಒಂದು ಪೌಂಡ್‌ಬಲವೆಂದರೆ ಸುಮಾರು 4.45 ನ್ಯೂಟನ್. ಸಂಖ್ಯೆ ಒಂದರಿಂದ ಇನ್ನೊಂದಕ್ಕೆ ಹೋಯಿತು, ಚೀಟಿ ಹೋಗಲಿಲ್ಲ. ಹಾಲಿಯೋ ಕಲ್ದಾರೋ ಎಂದು ಕೇಳುವವರು ಅಲ್ಲಿ ಇರಲಿಲ್ಲ!

ಮನೆಮನೆಯ ಬೀಸುಕಲ್ಲು, ಊರಿಗೊಂದು ಗಿರಣಿ

ಊಟದ ಹೊತ್ತಾಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಊಟದ ಕೋಣೆಯ ಮೂಲೆಯಲ್ಲಿ ಹಳೆಯ ಬೀಸುಕಲ್ಲೊಂದು ಗೋಡೆಗೆ ಆನಿಸಿ ನಿಂತಿತ್ತು. ಹುಡುಗಿಯ ತಾಯಿ, "ನಮ್ಮತ್ತಿ ಕಾಲದ್ದು ಅದು. ಮನಿಗೊಂದು ಇರ್ತಿತ್ರಿ. ಬೆಳಗಾ ಮುಂಜಾನೆ ಎದ್ದು ಎಲ್ಲಾರೂ ಬೀಸೋದೇ. ಗಿರಣಿ ಬಂತು, ರಟ್ಟಿ ಉಳಿದ್ವು" ಎಂದರು.

ಕಂಪ್ಯೂಟರಿನ ಲೋಕದಲ್ಲೂ ಹಾಗೆಯೇ ಆಯಿತು. ಕ್ಲಾಸು, ಆಬ್ಜೆಕ್ಟುಗಳ ಕಲ್ಪನೆ ಹುಟ್ಟಿದ್ದು ನಾರ್ವೆ ದೇಶದ ಓಸ್ಲೋದಲ್ಲಿ, 1960ರ ದಶಕದಲ್ಲಿ. ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಎಂಬ ಇಬ್ಬರು ರೂಪಿಸಿದ 'ಸಿಮ್ಯುಲಾ 67' ಭಾಷೆಯಲ್ಲಿ, ಓಡುತ್ತಿರುವ ಪ್ರೋಗ್ರಾಂ ಒಂದು ವಸ್ತುವನ್ನು 'ನೀನು ಈ ಕ್ಲಾಸಿನವನೋ?' ಎಂದು ಕೇಳಲು ಆಗಲೇ ಅವಕಾಶವಿತ್ತು. ಆ ಭಾಷೆಯನ್ನು ಬಳಸಿ ಅನುಭವವಿದ್ದ ಬಿಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಆರಂಭಿಸಿ ಸಿ ಪ್ಲಸ್ ಪ್ಲಸ್ ಭಾಷೆಯನ್ನು ರೂಪಿಸಿದರು. ಅವರು ಈ ಪ್ರಶ್ನೆ ಕೇಳುವ ಸೌಲಭ್ಯವನ್ನು ಮೊದಲಿಗೆ ಬೇಕೆಂದೇ ಬಿಟ್ಟರು. ಜನ ಅದನ್ನು ಅನಗತ್ಯವಾಗಿ ಬಳಸಿ ಪ್ರೋಗ್ರಾಮನ್ನು ಕೆಡಿಸುತ್ತಾರೆ ಎಂಬ ಆತಂಕ. ಆದರೆ ಅಗತ್ಯ ಬಿಡುತ್ತದೆಯೆ? ದೊಡ್ಡ ದೊಡ್ಡ ತಂತ್ರಾಂಶ ಸಂಗ್ರಹಗಳನ್ನು ಕಟ್ಟಿದವರು ತಮ್ಮ ತಮ್ಮದೇ ಚೀಟಿ ವ್ಯವಸ್ಥೆ ಮಾಡಿಕೊಂಡರು. ಒಬ್ಬರ ಚೀಟಿ ಇನ್ನೊಬ್ಬರಿಗೆ ಓದಲು ಬಾರದು. ಎರಡು ಸಂಗ್ರಹಗಳನ್ನು ಒಟ್ಟಿಗೆ ಬಳಸಬೇಕಾದವರ ಪಾಡು ಹೇಳತೀರದು. ಕಡೆಗೆ ಆ ಸೌಲಭ್ಯವನ್ನು ಭಾಷೆಯೊಳಕ್ಕೇ ತಂದು, 1998ರ ಅಂತಾರಾಷ್ಟ್ರೀಯ ಮಾನಕದಲ್ಲಿ ಸೇರಿಸಿದರು. ಮನೆಗೊಂದು ಬೀಸುಕಲ್ಲು ಹೋಗಿ ಊರಿಗೊಂದು ಗಿರಣಿ ಬಂದಂತೆ.

ಇನ್ನೂ ದೊಡ್ಡ ಗಿರಣಿ ಬಂದದ್ದು 1995ರಲ್ಲಿ ಜಾವಾ ಪ್ರಕಟವಾದಾಗ. ಜಾವಾದ ಪ್ರೋಗ್ರಾಂ ನೇರವಾಗಿ ಯಂತ್ರದ ಮೇಲೆ ಓಡದೆ, 'ವರ್ಚುವಲ್ ಮಷೀನ್' ಎಂಬ ನಡುವಿನ ತಂತ್ರಾಂಶದ ಮೇಲೆ ಓಡುತ್ತದೆ. ವಸ್ತುಗಳಿಗೆ ಜಾಗ ಕೊಡುವುದು, ಬೇಡವಾದ ವಸ್ತುಗಳನ್ನು ಗುಡಿಸಿ ಹಾಕುವುದು, ಚೀಟಿ ಓದುವುದು, ಯಾವ ಬಗೆಗೆ ಯಾವ ಕೆಲಸ ಎಂದು ಹುಡುಕಿ ಕೊಡುವುದು, ಇವೆಲ್ಲ ಅದರ ಕೆಲಸ. ಇವನ್ನು ಒಮ್ಮೆ ಚೆನ್ನಾಗಿ ಕಟ್ಟಿದ ಮೇಲೆ ಬೇರೆ ಭಾಷೆಯವರೂ ಅದೇ ಗಿರಣಿಗೆ ಡಬ್ಬಿ ತಂದರು: ಸ್ಕಾಲಾ, ಕ್ಲೋಜರ್, ಕಾಟ್ಲಿನ್. ಹೊಸ ಭಾಷೆ ಕಟ್ಟುವವರು ಮೋಟಾರು, ಪಟ್ಟಾ, ಕಲ್ಲು ಮತ್ತೆ ಮಾಡಬೇಕಾಗಿಲ್ಲ. ಮೈಕ್ರೋಸಾಫ್ಟ್ ಕಂಪನಿ 2002ರಲ್ಲಿ ತಂದ ಡಾಟ್‌ನೆಟ್ ಕೂಡ ಹಲವು ಭಾಷೆಗಳಿಗೆ ಒಂದೇ ಟೈಪ್ ವ್ಯವಸ್ಥೆ ಎಂಬ ತತ್ವದ ಮೇಲೆಯೇ ನಿಂತದ್ದು. ಅದೇ 2002ರಲ್ಲಿ, ಕ್ಲಾಸುಗಳೇ ಇಲ್ಲದ ಸಿ ಭಾಷೆಯಲ್ಲಿ ಬರೆದ 'ಜಿಆಬ್ಜೆಕ್ಟ್' ಎಂಬ ಮುಕ್ತ ತಂತ್ರಾಂಶವೂ ಬಂತು. ಲಿನಕ್ಸ್ ಕಂಪ್ಯೂಟರುಗಳ ಗ್ನೋಮ್ ಪರದೆಯ ಕಿಟಕಿ, ಗುಂಡಿಗಳ ಹಿಂದೆ ಇರುವುದು ಅದೇ. ವಸ್ತುಗಳ ಬಗೆಯ ವಿವರಣೆಯನ್ನು ಅದರ ಜೊತೆಗೆ ಒಂದು ಕಡತದಲ್ಲಿ ಇಡುವ ಏರ್ಪಾಡನ್ನು ಆಮೇಲೆ ಮಾಡಿದರು. ಪೈಥಾನ್ ಆಗಲಿ ಜಾವಾಸ್ಕ್ರಿಪ್ಟ್ ಆಗಲಿ ಅದನ್ನು ಓದಿಕೊಂಡು ಕೆಲಸ ನಡೆಸುತ್ತವೆ.

ಇದರ ಲಾಭ ಎಷ್ಟು ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಐದು ಭಾಷೆಗಳಿವೆ, ಇಪ್ಪತ್ತು ತಂತ್ರಾಂಶ ಸಂಗ್ರಹಗಳಿವೆ ಎನ್ನಿ. ಪ್ರತಿ ಭಾಷೆಗೂ ಪ್ರತಿ ಸಂಗ್ರಹಕ್ಕೂ ಬೇರೆ ಬೇರೆ ಸೇತುವೆ ಕಟ್ಟಿದರೆ ಐದು ಇಪ್ಪತ್ತಲೆ ನೂರು ಸೇತುವೆ. ಎಲ್ಲರೂ ಒಂದೇ ಬಗೆಯ ಚೀಟಿ ಬರೆಯಲು ಒಪ್ಪಿದರೆ, ಸಂಗ್ರಹಕ್ಕೊಂದು ವಿವರಣೆ, ಭಾಷೆಗೊಂದು ಓದುವ ಕ್ರಮ. ಇಪ್ಪತ್ತು ಮತ್ತು ಐದು, ಒಟ್ಟು ಇಪ್ಪತ್ತೈದೇ ಸಾಕು. ಗುಣಾಕಾರ ಹೋಗಿ ಸಂಕಲನ ಬಂತು.

ಕನ್ನಡಿಗರಿಗೆ ಇದು ಹೊಸದೂ ಅಲ್ಲ. ಹಿಂದೆ ಒಂದು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ ಕನ್ನಡ ಪತ್ರವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತಿತ್ತಲ್ಲವೆ? ಒಂದೊಂದು ತಂತ್ರಾಂಶಕ್ಕೂ ಅದರದೇ ಸಂಕೇತ. ಕಡತದಲ್ಲಿ ಬರೀ ಸಂಖ್ಯೆಗಳು, ಯಾವ ಫಾಂಟಿನವು ಎಂಬ ಚೀಟಿ ಇಲ್ಲ. 1991ರ ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ ತನ್ನದೇ ಸಾಲು ದೊರೆತು, ಬರಬರುತ್ತ ಎಲ್ಲರೂ ಅದನ್ನು ಒಪ್ಪಿದ ಮೇಲೆ ಆ ಗೋಳು ತಪ್ಪಿತು. ಇಂದು ಒತ್ತಕ್ಷರ ಜೋಡಿಸುವ 'ಹಾರ್ಫ್‌ಬಜ್' ಎಂಬ ಒಂದೇ ಮುಕ್ತ ತಂತ್ರಾಂಶವನ್ನು ಆಂಡ್ರಾಯ್ಡ್ ಫೋನು, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲವೂ ಹಂಚಿಕೊಂಡಿವೆ.

ಹಂಚಿಕೊಳ್ಳುವವರು ಎಚ್ಚರವಿರಬೇಕು

ಗಿರಣಿಯ ಮಾಲಕರು ಇಷ್ಟನ್ನೂ ಕೇಳಿ ಒಂದು ಮಾತು ಹೇಳಿದರು. "ಎಲ್ಲಾ ಒಂದೇ ಕಲ್ಲಿಗೆ ಆಗಂಗಿಲ್ಲ ಸರ. ಜ್ವಾಳಕ್ಕ ಇಟ್ಟ ಸಂದು ಕಡ್ಲಿಗೆ ನಡ್ಯಂಗಿಲ್ಲ. ಖಾರಕ್ಕ ಬ್ಯಾರೆ ಮಷೀನೇ ಬೇಕು."

ಪುಸ್ತಕ ಓದಿದ ನನಗಿಂತ ಅವರಿಗೆ ಹೆಚ್ಚು ತಿಳಿದಿತ್ತು! ಜಾವಾದ ಗಿರಣಿಯನ್ನು ಮೊದಲು ಕಟ್ಟಿದ್ದು ಜಾವಾ ಭಾಷೆಗಾಗಿ, ಅಂದರೆ ಬಗೆಯನ್ನು ಮೊದಲೇ ಬರೆದುಕೊಡುವ ಭಾಷೆಗಾಗಿ. ಪೈಥಾನ್, ರೂಬಿಯಂಥ ಭಾಷೆಗಳಲ್ಲಿ ಬಗೆ ತಿಳಿಯುವುದೇ ಓಡುವಾಗ. ಅವನ್ನು ಅದೇ ಕಲ್ಲಿಗೆ ಹಾಕಿದವರು ಬಹಳ ತಿಣುಕಬೇಕಾಯಿತು. 2011ರ ಜಾವಾ 7ನೆಯ ಆವೃತ್ತಿಯಲ್ಲಿ 'ಇನ್ವೋಕ್ ಡೈನಾಮಿಕ್' ಎಂಬ ಹೊಸ ಆದೇಶವನ್ನು ಸೇರಿಸಿದರು. ಗಿರಣಿಗೆ ಇನ್ನೊಂದು ತಿರುಗಣೆ ಕೂಡಿಸಿದಂತೆ.

ನೋಡದೆ ಹಂಚಿಕೊಂಡರೆ ಏನಾದೀತು ಎಂಬುದಕ್ಕೆ ಯುರೋಪಿನ ಏರಿಯಾನ್ 5 ರಾಕೆಟ್ ಸಾಕ್ಷಿ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರುವಿನಿಂದ ಮೊದಲ ಬಾರಿಗೆ ಹಾರಿದ ಆ ರಾಕೆಟ್ ಒಂದು ನಿಮಿಷವೂ ತುಂಬುವ ಮೊದಲೇ ದಾರಿ ತಪ್ಪಿ ಛಿದ್ರವಾಯಿತು. ದಿಕ್ಕು ತಿಳಿಸುವ ತಂತ್ರಾಂಶವನ್ನು ಹಳೆಯ ಏರಿಯಾನ್ 4ರಿಂದ ತಂದಿದ್ದರು. ಹಳೆಯ ರಾಕೆಟ್ಟಿನಲ್ಲಿ ಅದು ಸರಿಯಾಗಿಯೇ ನಡೆದಿತ್ತು. ಅದರಲ್ಲಿ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಇಳಿಸುವ ಒಂದು ಜಾಗವಿತ್ತು. ಅಂಥ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು, ಸಂಖ್ಯೆ ಹಿಡಿಸಲಿಲ್ಲ. ಹಿಡಿಸದಿದ್ದರೆ ಏನು ಮಾಡಬೇಕೆಂಬ ರಕ್ಷಣೆ ಆ ಜಾಗದಲ್ಲಿ ಇರಲಿಲ್ಲ. ಸಣ್ಣ ಡಬ್ಬಿಗೆ ದೊಡ್ಡ ಚೀಲ ಸುರಿದಂತಾಯಿತು. ಹೊಸ ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕದ ಅಗತ್ಯವೇ ಇರಲಿಲ್ಲ ಎಂಬುದು ಇನ್ನೂ ನೋವಿನ ಸಂಗತಿ. ಬೇರೆಯವರದನ್ನು ಬಳಸುವುದು ತಪ್ಪಲ್ಲ, ಕೈ ಹಾಕಿ ನೋಡದೇ ಸುರಿಯುವುದು ತಪ್ಪು.

ಪರದೆಯ ಮೇಲೆ ಜೋಳ

ಊಟವಾದ ಮೇಲೆ ಹುಡುಗಿಯನ್ನು ಕರೆದು, "ಈಗ ನಿಮ್ಮಪ್ಪನ ಗಿರಣಿಯನ್ನೇ ಪ್ರೋಗ್ರಾಂ ಮಾಡಿ ತೋರಿಸು, ನೋಡೋಣ" ಎಂದೆ. ಅವಳು ಬರೆಯತೊಡಗಿದಳು. 'ಕಮಾಡಿಟಿ' ಎಂದೊಂದು ಕ್ಲಾಸು. ಅದರ ಕೆಳಗೆ ಇನ್ನೂ ನಾಲ್ಕು. ಇಂಗ್ಲಿಷ್ ಹೆಸರು ಹುಡುಕುತ್ತ ತಡವರಿಸಿದಳು.

"ಹೆಸರು ಕನ್ನಡದಾಗ ಇಡಲಿಕ್ಕೆ ಬರೋದಿಲ್ಲೇನು?"

"ಬರಂಗಿಲ್ಲ ಸರ. ಪ್ರೋಗ್ರಾಂ ಇಂಗ್ಲಿಷ್‌ದಾಗೇ ಬರೀಬೇಕು."

"ಒಮ್ಮೆ ಇಟ್ಟು ನೋಡು. ತಪ್ಪಾದರ ಕಂಪೈಲರು ಹೇಳ್ತದ, ನಿನ್ನ ಹಂಗ ನಾಚಂಗಿಲ್ಲ ಅದು."

ಜಾವಾ ಭಾಷೆ ಯೂನಿಕೋಡ್ ಅಕ್ಷರಗಳನ್ನು ಹೆಸರುಗಳಲ್ಲಿ ಒಪ್ಪುತ್ತದೆ ಎಂದು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಅವಳು ಸಂಶಯದಿಂದಲೇ 'ಸರಕು' ಎಂದು ಬರೆದಳು. ತೂಕ ಮಾಡುವುದು, ಮನೆಯ ಹೆಸರು ಬರೆದಿಡುವುದು ಎಲ್ಲ ಕಾಳಿಗೂ ಒಂದೇ ಆದ್ದರಿಂದ ಆ ಭಾಗವನ್ನು ಅದರಲ್ಲಿ ಒಮ್ಮೆ ಮಾತ್ರ ಬರೆದಳು. ಅದರ ಮಕ್ಕಳಾಗಿ 'ಜೋಳ', 'ಗೋಧಿ', 'ಕಡಲೆ', 'ಮೆಣಸಿನಕಾಯಿ'. ಪ್ರತಿಯೊಂದರೊಳಗೂ ಅದರದೇ 'ಬೀಸು'. ಕಂಪೈಲ್ ಮಾಡಿದಳು. ತಪ್ಪಿಲ್ಲ! ಓಡಿಸಿದಳು. ನಾಲ್ಕು ಡಬ್ಬಿಗಳ ಸಾಲಿಗೆ ಒಂದೇ ಆದೇಶ, 'ಬೀಸು'. ಪ್ರತಿ ಡಬ್ಬಿಯೂ ತನ್ನ ಬಗೆಗೆ ತಕ್ಕಂತೆ ಬೀಸಿಕೊಂಡಿತು. ಆಮೇಲೆ ಬೇಕೆಂದೇ ಮೆಣಸಿನಕಾಯಿಯನ್ನು ಜೋಳವೆಂದು ಕರೆದು ನೋಡಿದಳು. ಪ್ರೋಗ್ರಾಂ ಅಲ್ಲಿಗೇ ನಿಂತು 'ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್' ಎಂಬ ತಪ್ಪನ್ನು ಸಾಲಿನ ಸಂಖ್ಯೆಯ ಸಮೇತ ತೋರಿಸಿತು.

ಅವಳ ತಂದೆ ಹಿಟ್ಟಿನ ಕೈ ಒರೆಸಿಕೊಂಡು ಬಂದು ಪರದೆಗೆ ಬಗ್ಗಿದರು. ಆವರೆಗೆ ಮಗಳು ಆ ಪೆಟ್ಟಿಗೆಯಲ್ಲಿ ಏನು ಮಾಡುತ್ತಾಳೆಂದು ಅವರು ಓದಲು ಸಾಧ್ಯವೇ ಇರಲಿಲ್ಲ. ಈಗ ಬೆರಳಿಟ್ಟು ಒಂದೊಂದೇ ಓದಿದರು. "ಜೋಳ... ಗೋಧಿ... ಕಡಲೆ... ಇದು ನಮ್ಮ ಗಿರಣಿ!" ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಜ್ಜಿ ಬಿಟ್ಟೀದಿ ನೋಡವಾ" ಎಂದರು. ಅವಳು ಸಜ್ಜೆಯನ್ನು ಸೇರಿಸಿದಳು. ಉಳಿದ ಯಾವುದನ್ನೂ ಮುಟ್ಟದೆ ಅದೊಂದು ತುಣುಕು ಮಾತ್ರ. ಇದೇ ಈ ವಿದ್ಯೆಯ ಬಲ ಎಂದು ಬೇರೆ ಹೇಳಬೇಕಾಗಲಿಲ್ಲ.

ಓದು ಬಿಡಿಸುವ ಮಾತು ಆಮೇಲೆ ಬಂತು. ಅವರದು ಹಟವಲ್ಲ, ಕಷ್ಟ. ಊರಿನಿಂದ ದೂರ ಇಟ್ಟು ಓದಿಸಬೇಕು, ಕೋಣೆ ಬಾಡಿಗೆ, ಶುಲ್ಕ. ಗಿರಣಿಯ ವಿದ್ಯುತ್ ಬಿಲ್ಲು ಏರುತ್ತಿದೆ, ಅಂಗಡಿಯಲ್ಲಿ ಪೊಟ್ಟಣದ ಹಿಟ್ಟು ಬಂದು ಡಬ್ಬಿಗಳು ಕಡಿಮೆಯಾಗಿವೆ. ಇಷ್ಟರ ನಡುವೆ 'ನಪಾಸು' ಎಂಬ ಮಾತು ಕಿವಿಗೆ ಬಿದ್ದರೆ ಯಾವ ತಂದೆಯಾದರೂ ಲೆಕ್ಕ ಹಾಕುತ್ತಾನೆ. ನಾನು ಒಂದೇ ಮಾತು ಕೇಳಿದೆ: "ಮಾಲಕರ, ನೀವು ಯಾರ ಡಬ್ಬಿಯನ್ನೂ ಬರೀ ಚೀಟಿ ನೋಡಿ ಕಲ್ಲಿಗೆ ಹಾಕಂಗಿಲ್ಲ. ಮಗಳದು ಮಾತ್ರ ಚೀಟಿ ನೋಡಿ ಮುಗಿಸ್ತೀರೇನು?"

ಅವರು ಉತ್ತರ ಕೊಡಲಿಲ್ಲ. ಎದ್ದು ಹೋಗಿ ಕಾದಿದ್ದ ಡಬ್ಬಿಯೊಂದನ್ನು ಸುರಿದು ಬಂದರು. "ಮರುಪರೀಕ್ಷಾ ಕಟ್ಲಿ ಸರ. ಪಾಸಾದರ ಮುಂದಿಂದು ನೋಡೋಣು. ಆಗ್ಲಿಲ್ಲಂದ್ರ ನಂಗ ಮತ್ತ ಒತ್ತಾಯ ಮಾಡಬ್ಯಾಡ್ರಿ" ಎಂದರು. ನ್ಯಾಯವಾದ ಮಾತು. ನಾನು ಒಪ್ಪಿದೆ.

ಪಾಲಕರಲ್ಲಿ ನನ್ನದೊಂದು ಬಿನ್ನಹ. ಮಕ್ಕಳ ಅಂಕಪಟ್ಟಿ ಒಂದು ಚೀಟಿ. ಅದು ಬೇಕು, ಅದಿಲ್ಲದೆ ಲೋಕ ನಡೆಯದು. ಆದರೆ ಒಮ್ಮೆಯಾದರೂ ಕೈ ಹಾಕಿ ನೋಡಿ. ಏನು ಓದುತ್ತಿದ್ದೀ, ನನಗೆ ತಿಳಿಯುವ ಮಾತಿನಲ್ಲಿ ಹೇಳು ಎಂದು ಕೇಳಿ. ವಿದ್ಯಾರ್ಥಿಗಳಿಗೂ ಅಷ್ಟೇ. ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆಯಲೇಬೇಕು, ಅದನ್ನು ಕಲಿಯಿರಿ. ಆದರೆ ಅರ್ಥ ಮಾಡಿಕೊಳ್ಳುವ ಕೆಲಸ ನಿಮ್ಮ ಅಡುಗೆಮನೆಯ ಮಾತಿನಲ್ಲಿ ಮೊದಲು ಆಗಲಿ. ಇನ್ನು ಶಿಕ್ಷಕರ ಮಾತು: ಅರ್ಧ ಅಂಕ ಕಡಿಯುವಾಗ ಕಾರಣವನ್ನೂ ಹೇಳುವ ಅಭ್ಯಾಸವನ್ನು ನಾನಂತೂ ಈಗ ಮಾಡಿಕೊಂಡಿದ್ದೇನೆ, ತಡವಾಗಿಯಾದರೂ.

ಸಂಜೆ ಹುಡುಗಿ ಬಸ್ ನಿಲ್ದಾಣದವರೆಗೆ ಬಂದಳು. ಮರುಪರೀಕ್ಷೆಗೆ ಇನ್ನು ಐದು ವಾರ ಎಂದಳು. ದಿನಕ್ಕೊಂದು ಪ್ರೋಗ್ರಾಂ ಬರೆದು ಸಂಜೆ ಮುತ್ಯಾನಿಗೆ ಓದಿ ಹೇಳುವುದಾಗಿ ಮಾತು ಕೊಟ್ಟಳು. ಅವರು ಗಟ್ಟಿ ಪರೀಕ್ಷಕರು, ಹಾಲಿಯೋ ಕಲ್ದಾರೋ ಎಂದು ಕೇಳದೆ ಬಿಡುವವರಲ್ಲ. ಈ ಲೇಖನ ಬರೆಯುವ ಹೊತ್ತಿಗೆ ಪರೀಕ್ಷೆ ಮುಗಿದಿದೆ, ಫಲಿತಾಂಶ ಬಂದಿಲ್ಲ. ಅವಳು ಕಟ್ಟಿಕೊಟ್ಟ ಜೋಳದ ಹಿಟ್ಟು ಮಾತ್ರ ನಮ್ಮ ಮನೆಯಲ್ಲಿ ಮುಗಿಯುತ್ತ ಬಂದಿದೆ. ಡಬ್ಬಿಯೊಳಗೆ ಅವಳ ಕೈಬರಹದ ಚೀಟಿ ಹಾಗೆಯೇ ಇದೆ: 'ಜೋಳ. ನೋಡಿ ಹಾಕಿದ್ದು.'